ಪಂಚನಾಮೆಗೆ ಐದು ಸಹಿ

ಏಂಡಿ ಬಲೆಯ ಹಗ್ಗ ಮುಟ್ಟಿದವನಿಗೆ ಪಾಲು ಉಂಟು. ಅವರ್ಸಾದ ನಮ್ಮ ದಂಡೆಯಲ್ಲಿ ಇದು ಕಾನೂನು. ಯಾವ ಕಚೇರಿಯಲ್ಲೂ ಇದನ್ನು ಬರೆದಿಟ್ಟಿಲ್ಲ, ಅದಕ್ಕೇ ಇಷ್ಟು ಕಾಲ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು. ದೋಣಿ ಬಲೆ ಬಿಡುತ್ತಾ ಕಡಲಿನಲ್ಲಿ ಅರ್ಧ ಸುತ್ತು ಹಾಕಿ ಮತ್ತೆ ದಡಕ್ಕೆ ಬರುತ್ತದೆ. ಬಲೆಯ ಎರಡು ತುದಿಗಳ ಹಗ್ಗ ಹಿಡಿದು ದಂಡೆಯ ಮೇಲಿನವರು ಎಳೆಯುತ್ತಾರೆ. ಇಪ್ಪತ್ತರ ಹುರಿಯಾಳೂ ಎಳೆಯುತ್ತಾನೆ, ಹಲ್ಲುದುರಿದ ಅಜ್ಜನೂ ಎಳೆಯುತ್ತಾನೆ. ಯಾರ ತೋಳಿನಲ್ಲಿ ಎಷ್ಟು ಬಲ ಎಂದು ಯಾರೂ ನೋಡುವುದಿಲ್ಲ. ಹಗ್ಗಕ್ಕೆ ಕೈ ಹಚ್ಚಿದರೆ ಆಯಿತು.

ನನ್ನ ತಮ್ಮನೂ ಕೈ ಹಚ್ಚುತ್ತಿದ್ದ. ಹುಟ್ಟುವಾಗ ಉಸಿರುಕಟ್ಟಿ ಮೈಯೆಲ್ಲ ನೀಲಿಯಾಗಿದ್ದನಂತೆ. ಮೂವತ್ತು ದಾಟಿದರೂ ಬುದ್ಧಿ ಐದಾರು ವರ್ಷದ ಮಗುವಿನದು ಎಂದು ಡಾಕ್ಟರರು ಹೇಳುತ್ತಿದ್ದರು. ನನಗೆ ಆ ಮಾತು ಯಾವಾಗಲೂ ಸರಿ ಕಂಡದ್ದಿಲ್ಲ. ನಾನು ಪ್ರಾಥಮಿಕ ಶಾಲೆಯ ಟೀಚರು, ಐದಾರು ವರ್ಷದವರನ್ನು ದಿನಾ ನೋಡುವವಳು. ಅವರಲ್ಲಿ ಯಾರಿಗೂ ನನ್ನ ತಮ್ಮನಷ್ಟು ಮರ್ಯಾದೆ ಗೊತ್ತಿರಲಿಲ್ಲ. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ. ಹತ್ತರ ಆಚೆ ಎಣಿಸಲು ಬರುತ್ತಿರಲಿಲ್ಲ. ಹೆದ್ದಾರಿ ದಾಟುವಾಗ ಕೈ ಹಿಡಿಯಬೇಕು, ಅನ್ನ ಬಡಿಸಿ ಸಾಕು ಎಂದು ನಾವೇ ಹೇಳಬೇಕು, ಆಗಾಗ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ ಕಾಯಬೇಕು. ಬಲೆ ಎಳೆಯುವಾಗಲೂ ಅವನು ಎಳೆಯುವುದಕ್ಕಿಂತ ಹಗ್ಗಕ್ಕೆ ಜೋತುಬೀಳುವುದೇ ಹೆಚ್ಚು. ಒಮ್ಮೊಮ್ಮೆ ಹಗ್ಗದ ಮೇಲೆ ಕುಳಿತೇ ಬಿಡುತ್ತಿದ್ದ. ಎಲ್ಲರೂ ಬೈದು, ನಕ್ಕು, ಎಬ್ಬಿಸುತ್ತಿದ್ದರು.

ಅವನ ಖರೆ ಕೆಲಸ ಇದ್ದದ್ದು ಬಲೆ ದಡಕ್ಕೆ ಬಂದ ಮೇಲೆ. ಬಲೆಯ ಯಜಮಾನನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತೇವೆ. ಮಾರುವ ಮೀನು ಬೇರೆ ತೆಗೆದು, ಮನೆಮನೆಯ ಪಾಲನ್ನು ತಾಂಡೇಲ ಮರಳಿನ ಮೇಲೆ ಸಣ್ಣಸಣ್ಣ ರಾಶಿ ಮಾಡುತ್ತಾನೆ. ಎಷ್ಟೇ ಸಮ ಮಾಡಿದರೂ ಒಂದರಲ್ಲಿ ಬಂಗಡೆ ಎರಡು ಜಾಸ್ತಿ, ಇನ್ನೊಂದರಲ್ಲಿ ಬರೀ ಅಗ್ಗದ ತಾರ್ಲೆ. ಆದ್ದರಿಂದ ಒಬ್ಬನನ್ನು ರಾಶಿಗಳಿಗೆ ಬೆನ್ನು ಹಾಕಿ, ಕಡಲಿಗೆ ಮುಖ ಮಾಡಿ ನಿಲ್ಲಿಸುತ್ತಾರೆ. ತಾಂಡೇಲ ಒಂದು ರಾಶಿಗೆ ಕೋಲು ಮುಟ್ಟಿಸಿ "ಇದು ಯಾರಿಗೆ?" ಎಂದು ಕೇಳುತ್ತಾನೆ. ಬೆನ್ನು ಹಾಕಿದವನು ಒಂದು ಹೆಸರು ಹೇಳುತ್ತಾನೆ. ಅವನು ಹೇಳಿದ ಹೆಸರಿನವರಿಗೆ ಆ ರಾಶಿ. ಮುಂಚೆ ಈ ಕೆಲಸಕ್ಕೆ ಯಾರನ್ನು ನಿಲ್ಲಿಸಿದರೂ ಜಗಳವೇ. ಓರೆಗಣ್ಣಿನಿಂದ ನೋಡಿದ, ತಾಂಡೇಲ ಕೆಮ್ಮಿ ಸೂಚನೆ ಕೊಟ್ಟ, ಭಾವನಿಗೆ ದೊಡ್ಡ ರಾಶಿ ಹೋಯಿತು ಎಂದು ಕೂಗಾಟ. ನನ್ನ ತಮ್ಮ ನಿಲ್ಲತೊಡಗಿದ ಮೇಲೆ ಆ ಜಗಳ ನಿಂತಿತು. ಅವನಿಗೆ ಮೋಸ ಮಾಡಲು ಬರುವುದಿಲ್ಲ ಎಂದು ಇಡೀ ದಂಡೆಗೆ ಗೊತ್ತಿತ್ತು.

ಹತ್ತರ ಆಚೆ ಎಣಿಸಲಾರದವನು ಮೂವತ್ತು ಚಿಲ್ಲರೆ ಹೆಸರುಗಳನ್ನು ಒಂದೂ ಬಿಡದೆ, ಒಂದನ್ನೂ ಎರಡು ಸಲ ಹೇಳದೆ ಕರೆಯುತ್ತಿದ್ದ. ಹೇಗೆ ಎಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಒಂದು ವರ್ಷ ಹಂಗಾಮಿನ ನಡುವೆ ಬಲೆಯವನೊಬ್ಬ ಕಾಮಾಲೆಯಾಗಿ ಸತ್ತ. ಮರುವಾರ ಪಾಲು ಹಾಕುವಾಗ ನನ್ನ ತಮ್ಮ ಅವನ ಹೆಸರನ್ನೂ ಕರೆದ. ತಾಂಡೇಲ ಇನ್ನೊಂದು ರಾಶಿ ಮಾಡಿಸಿದನಂತೆ. ಆ ಹಂಗಾಮು ಮುಗಿಯುವ ತನಕ ಸತ್ತವನ ಹೆಸರಿನ ಪಾಲು ಅವನ ಹೆಂಡತಿಯ ಮನೆಗೆ ಹೋಯಿತು. ತಪ್ಪಾಯಿತು ಎಂದು ಒಬ್ಬರೂ ಬಾಯಿ ಬಿಡಲಿಲ್ಲ.

ಇದನ್ನೆಲ್ಲ ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ಇದೇ ವಿಷಯವನ್ನು ನಾನು ಬೇರೆ ರೀತಿಯಲ್ಲಿ ಬರೆದುಕೊಟ್ಟೆ. ಒಮ್ಮೆಯಾದರೂ ಇದ್ದದ್ದು ಇದ್ದ ಹಾಗೆ ಬರೆಯಬೇಕು ಅನ್ನಿಸಿದೆ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅವ್ವಿ ಬುಟ್ಟಿ ಹೊತ್ತು ಅಂಕೋಲೆ ಪೇಟೆಯಲ್ಲಿ ಮೀನು ಮಾರಿ ನಮ್ಮಿಬ್ಬರನ್ನೂ ಸಾಕಿದವಳು. ನಾನು ಮದುವೆಯಾಗಿ ಅಮದಳ್ಳಿಗೆ ಬಂದು ಅಲ್ಲಿಯೇ ಶಾಲೆಯಲ್ಲಿದ್ದೆ. ಆ ವರ್ಷ ಅವ್ವಿಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಡಾಕ್ಟರು ಹೊರಗೆ ಕರೆದು, ಒಂದು ವರ್ಷ, ಹೆಚ್ಚೆಂದರೆ ಎರಡು ಎಂದು ನನಗೆ ಹೇಳಿದರು. ಅವ್ವಿಗೆ ನಾನು ಹೇಳಲಿಲ್ಲ, ಆದರೆ ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ನೋಡುತ್ತಾ, "ನಾ ಸಾಯುದು ಇರ್ಲಿ, ಅಂವಂಗೆ ಯಾರು?" ಎಂದಳು. ನಾನಿದ್ದೇನಲ್ಲ ಎಂದೆ. "ನೀ ಇದ್ದೆ. ನಿನ್ ಗಂಡನ ಮನಿ ಇದ್ಯಾ?" ಎಂದು ಕೇಳಿದಳು.

ಗಂಡನ ಮನೆಯವರು ಕೆಟ್ಟವರಲ್ಲ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು, ಪರಿಹಾರಕ್ಕಾಗಿ ವರ್ಷಗಟ್ಟಲೆ ಕಚೇರಿ ಸುತ್ತಿದ ಮನೆ ಅದು. ಕಾಗದ ಇಲ್ಲದೆ ಯಾವುದನ್ನೂ ನಂಬಬಾರದು ಎಂದು ಕಲಿತವರು. ಅತ್ತೆಯೇ ಹೇಳಿದರು: "ಅಂವ ಬರ್ಲಿ, ಅಡ್ಡಿಲ್ಲ. ಆದ್ರೆ ಅವನ ಕಾಗದಪತ್ರ ಎಲ್ಲಾ ಸರಿ ಮಾಡ್ಕಂಡು ಕರ್ಕಂಡು ಬಾ. ನಾಳೆ ಅಂವಂಗೆ ಏನಾದ್ರೂ ಆದ್ರೆ ಸೈ ಹಾಕೂಕೆ ಯಾರಿಗೆ ಹಕ್ಕು ಅದೆ ಹೇಳು?"

ಕಾರವಾರದಲ್ಲಿ ಇಂಥ ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಮಹಿಳೆಯನ್ನು ಹೋಗಿ ಕಂಡೆ. ತಾಯಿ ಬದುಕಿರುವಾಗಲೇ ಮೂರು ಕಾಗದ ಮಾಡಿಸಿಕೊಳ್ಳಿ ಎಂದು ಅವರು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಒಂದು, ಅಂಗವಿಕಲತೆಯ ಪ್ರಮಾಣಪತ್ರ. ಎರಡು, ಮಾಸಾಶನದ ಆದೇಶ. ಮೂರು, ಕಾನೂನಿನ ಪ್ರಕಾರ ಅವನ ಪಾಲಕಿ ನಾನು ಎಂಬ ಆದೇಶ. ಮೂರನೆಯದು ಕೇಳಿ ನನಗೆ ತಲೆ ಕೆಟ್ಟಿತು. ಹದಿನೆಂಟು ತುಂಬಿದ ದಿನದಿಂದ ಅವ್ವಿಯೂ ಅವನ ಪಾಲಕಿ ಅಲ್ಲವಂತೆ. ಹೆತ್ತು, ಮೂವತ್ತು ವರ್ಷ ಚಡ್ಡಿ ತೊಳೆದು, ಬಾಯಿಗೆ ತುತ್ತಿಟ್ಟವಳು ಕಾನೂನಿನ ಕಣ್ಣಿಗೆ ದಾರಿಹೋಕಳು. ಯಾವ ಪುಣ್ಯಾತ್ಮ ಇದನ್ನು ಯೋಚಿಸಿದನೋ, ಅವನ ಮನೆಯಲ್ಲಿ ಇಂಥ ಮಗು ಇದ್ದಿರಲಿಕ್ಕಿಲ್ಲ. ಆ ಮಹಿಳೆ ನನ್ನ ಸಿಟ್ಟು ಇಳಿಯುವ ತನಕ ಕಾದು, ಚಾ ತರಿಸಿಕೊಟ್ಟು, "ಬೈಯೋದು ಆಮೇಲೆ, ಮೊದಲು ಅರ್ಜಿ ಹಾಕಿ" ಎಂದರು.

ಪ್ರಮಾಣಪತ್ರ ಬೇಗ ಸಿಕ್ಕಿತು. ಮೂರು ಸಲ ಕಾರವಾರಕ್ಕೆ ಹೋಗಬೇಕಾಯಿತು ಅಷ್ಟೆ. ಪರೀಕ್ಷೆ ಮಾಡಿದ ಡಾಕ್ಟರರು ಅವನನ್ನು ಅವಸರ ಮಾಡದೆ ಮಾತಾಡಿಸಿದರು. ಅವನು ಅವರ ಮೇಜಿನ ಮೇಲಿನ ಬಣ್ಣದ ಮರದ ತುಂಡುಗಳನ್ನು ಅಪ್ಪಿತಪ್ಪಿಯೂ ಸರಿಯಾಗಿ ಜೋಡಿಸಲಿಲ್ಲ. ಅಂದು ನಾನು ಒಳಗೊಳಗೇ ಸಂತೋಷಪಟ್ಟೆ. ಸ್ವಂತ ತಮ್ಮ ಸೋತದ್ದಕ್ಕೆ ಸಂತೋಷಪಡಬೇಕಾದ ಕೆಲಸ ಅಲ್ಲಿಂದಲೇ ಶುರುವಾಯಿತು.

ಮಾಸಾಶನಕ್ಕೂ ಪಾಲಕತ್ವಕ್ಕೂ ಅರ್ಜಿ ಹಾಕಿದೆವು. ಯಾವ ಕಚೇರಿ ಎಂದು ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ಅಂಥ ಮೇಜುಗಳು ಎಲ್ಲ ಕಡೆಗೂ ಇವೆ. ತಿಂಗಳೆರಡು ಕಳೆದ ಮೇಲೆ ಅಲ್ಲಿಂದ ಒಬ್ಬರು ವಿಚಾರಣೆಗೆಂದು ಅವರ್ಸಾದ ಮನೆಗೆ ಹೋದರು. ಅವತ್ತು ನನಗೆ ಶಾಲೆ ಇತ್ತು. ನನಗೆ ಮೊದಲೇ ತಿಳಿದಿದ್ದರೆ ರಜೆ ಹಾಕಿ ಓಡುತ್ತಿದ್ದೆ. ಇದನ್ನು ಎಷ್ಟು ಸಲ ಅಂದುಕೊಂಡಿದ್ದೇನೋ.

ಅವ್ವಿ ದೊಡ್ಡ ಮನುಷ್ಯರು ಬಂದರೆಂದು ಮಗನನ್ನು ಮೀಯಿಸಿದಳು. ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಳು. ನನ್ನ ಮದುವೆಗೆ ಹೊಲಿಸಿದ ಬಿಳಿ ಅಂಗಿ ತೊಡಿಸಿ ಗುಂಡಿ ಹಾಕಿ ಕುರ್ಚಿಯ ಮೇಲೆ ಕೂರಿಸಿದಳು. ಬಂದವರಿಗೆ ಚಾ, ಬಿಸ್ಕೀಟು, ಮೇಲೊಂದು ತಟ್ಟೆ ಕರಿದ ಶೆಟ್ಲಿ, ಪೇಟೆಯವರ ಸಿಗಡಿ. ಅವರು ತಿಂದು, ಒರೆಸಿಕೊಂಡು, ಪೆನ್ನು ತೆಗೆದು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮಗ ಏನು ಕೆಲಸ ಮಾಡುತ್ತಾನೆ?

ಆ ಪ್ರಶ್ನೆಗೆ ನಮ್ಮ ಕೇರಿಯ ಯಾವ ತಾಯಿಯಾದರೂ ಒಂದೇ ಉತ್ತರ ಕೊಡುತ್ತಿದ್ದಳು. ಹಗ್ಗ ಮುಟ್ಟದೆ ಮೀನು ತಿನ್ನುವವನು ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹೊರಗಿನವರ ಎದುರು, ಅದೂ ಪೆನ್ನು ಹಿಡಿದವರ ಎದುರು, ತನ್ನ ಮಗನಿಗೆ ಆ ಬೈಗುಳ ಅವಳು ತಾನೇ ಬೈಯುವುದು ಹೇಗೆ? ಅವಳು ಎದೆಯುಬ್ಬಿಸಿ ಹೇಳಿದಳು: "ನನ್ ಮಗ ಕೂತು ತಿಂಬವ ಅಲ್ಲ ಸಾಹೇಬ್ರೆ. ದಿನಾ ಬಲಿಗೆ ಹೋಗ್ತ. ಅಂವ ಹೆಸ್ರು ಕರೀದೆ ಈ ದಂಡಿ ಮೇಲೆ ಪಾಲೇ ಆಗುದಿಲ್ಲ. ಬೇಕಾದ್ರೆ ತಾಂಡೇಲಂಗೆ ಕೇಳಿ." ಅವರು ಹೋಗಿ ತಾಂಡೇಲನನ್ನೂ ಕೇಳಿದರು. ಆ ಮಾವ ಇನ್ನೂ ಎರಡು ಮಾತು ಸೇರಿಸಿ ಹೊಗಳಿದ.

ಸಂಜೆ ಪಕ್ಕದ ಮನೆಯ ಫೋನಿನಿಂದ ಅವ್ವಿ ನನಗೆ ಹೇಳಿದಳು. "ಎಲ್ಲಾ ಬರ್ಕಂಡ್ರು ಮಗಾ. ಒಂದೂ ಬಿಡ್ದೆ ಬರ್ಕಂಡ್ರು. ಒಳ್ಳೆ ಮನ್ಷ." ಅವಳ ದನಿಯಲ್ಲಿ ಅಷ್ಟು ಖುಷಿ ಕೇಳಿ ಬಹಳ ದಿನವಾಗಿತ್ತು.

ಉತ್ತರ ಬಂತು. ಅರ್ಜಿದಾರರು ಮೀನುಗಾರಿಕೆಯಲ್ಲಿ ತೊಡಗಿದ್ದು, ಪಾಲು ಹಂಚುವ ಜವಾಬ್ದಾರಿಯುತ ಕೆಲಸ ನಿರ್ವಹಿಸಿ ಪ್ರತಿದಿನ ಪಾಲು ಪಡೆಯುತ್ತಿರುವುದು ವಿಚಾರಣೆಯಿಂದ ಕಂಡುಬಂದಿರುವ ಪ್ರಯುಕ್ತ ಅರ್ಜಿಯನ್ನು ತಿರಸ್ಕರಿಸಿದೆ. ಅದೇ ವರದಿಯ ನಕಲು ಪಾಲಕತ್ವದ ಕಡತಕ್ಕೂ ಹೋಗಿ ಕುಳಿತಿತ್ತು. ಜವಾಬ್ದಾರಿಯುತ ಕೆಲಸ ಮಾಡುವವನಿಗೆ ಪಾಲಕಿ ಯಾಕೆ ಬೇಕು ಎಂದು ಅಲ್ಲೊಂದು ಕೆಂಪು ಗೆರೆ. ನನ್ನ ತಮ್ಮನ ಕೆಲಸವನ್ನು ಸರಕಾರ ಗುರುತಿಸಿದ್ದು ಅದೊಂದೇ ಸಲ, ಅದೂ ಅವನ ಅನ್ನ ಕಸಿಯುವುದಕ್ಕೆ.

ಮರುದಿನವೇ ಕಚೇರಿಗೆ ಹೋದೆ. ಶಾಲೆಯ ಮಕ್ಕಳು ನನ್ನನ್ನು ಸಿಟ್ಟಿನ ಅಕ್ಕೋರು ಎಂದು ಹಿಂದಿನಿಂದ ಕರೆಯುತ್ತಾರೆ, ಅದು ನನಗೆ ಗೊತ್ತು. ಅವತ್ತು ಆ ಹೆಸರು ಉಳಿಸಿಕೊಂಡೆ. ಮೇಜಿನ ಹಿಂದೆ ಕುಳಿತವರು ಕಡತದ ಲಾಡಿ ಬಿಚ್ಚಿ, ಓದಿ, ಮತ್ತೆ ಲಾಡಿ ಕಟ್ಟಿದರು.

"ಡಾಕ್ಟರು ಕೊಟ್ಟ ಪ್ರಮಾಣಪತ್ರ ಇದೆಯಲ್ಲ," ಎಂದೆ.

"ಇದೆ ಟೀಚರ್. ಆದರೆ ವರದಿ ಹೀಗಿದೆ. ಹೆಸರು ಕರೆದು ಪಾಲು ಹಂಚುತ್ತಾರೆ ಅಂತ ನಿಮ್ಮ ತಾಯಿಯವರೇ ಹೇಳಿದ್ದಾರೆ."

"ಅವನಿಗೆ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಅದನ್ನು ಕೇಳಿದರಾ ನಿಮ್ಮವರು?"

"ಅದು ನಮೂನೆಯಲ್ಲಿ ಇಲ್ಲ."

"ಶೆಟ್ಲಿ ತಿಂದದ್ದು ನಮೂನೆಯಲ್ಲಿ ಇತ್ತಾ?"

ಹೀಗೆ ಕೂಗಿದ್ದರಿಂದ ಯಾವ ಲಾಭವೂ ಆಗಲಿಲ್ಲ, ಎಂಟು ಜನ ತಲೆಯೆತ್ತಿ ನೋಡಿದರು ಅಷ್ಟೆ. ಮೇಜಿನ ಹಿಂದಿನವರಿಗೆ ಸಿಟ್ಟೂ ಬರಲಿಲ್ಲ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಬಹಳ ತಾಳ್ಮೆಯಿಂದ ದಾರಿ ಹೇಳಿಕೊಟ್ಟರು. ಮರುವಿಚಾರಣೆಗೆ ಅರ್ಜಿ ಹಾಕಿ. ಸ್ಥಳದಲ್ಲಿ ಪಂಚನಾಮೆ ಮಾಡೋಣ. ಬಲೆಯವರೇ ಐದು ಜನ ಪಂಚರು ಬಂದು, ಈತ ಯಾವ ಕೆಲಸವನ್ನೂ ಮಾಡುವುದಿಲ್ಲ, ಮೀನು ಕೊಡುವುದು ಕನಿಕರದಿಂದ ಎಂದು ಹೇಳಿಕೆ ಕೊಟ್ಟು ಸಹಿ ಹಾಕಲಿ. "ಒಕ್ಕಣೆ ನೀವೇ ಬರೆದುಕೊಂಡು ಬನ್ನಿ ಟೀಚರ್, ನಿಮ್ಮ ಅಕ್ಷರ ಚೆನ್ನಾಗಿದೆ."

ಬರೆದೆ. ಅಮದಳ್ಳಿಯ ಮನೆಯ ಊಟದ ಮೇಜಿನ ಮೇಲೆ, ಭಾನುವಾರ ಮಧ್ಯಾಹ್ನ, ಗೆರೆ ಹಾಳೆಯ ಮೇಲೆ. ಸದರಿಯವನು ಬುದ್ಧಿಮಾಂದ್ಯನಿದ್ದು ಯಾವುದೇ ಕೆಲಸ ಮಾಡಲು ಅಸಮರ್ಥನಿರುತ್ತಾನೆ. ಹೆಸರು ಕರೆಯಿಸುವುದು ಕೇವಲ ತಮಾಷೆಗಾಗಿ ಇರುತ್ತದೆ. ಮೀನಿನ ಪಾಲನ್ನು ದಯೆಯಿಂದ ನೀಡಲಾಗುತ್ತಿದ್ದು, ಸದರಿಯವನಿಂದ ನಮಗೆ ಯಾವ ಉಪಯೋಗವೂ ಇರುವುದಿಲ್ಲ. ಕೊನೆಯ ಮಾತನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಎಲ್ಲಿ ಮತ್ತೆ ತಿರಸ್ಕಾರವಾಗುತ್ತದೋ ಎಂದು ಹೆದರಿ ನಾನೇ ಸೇರಿಸಿದೆ. ಕಚೇರಿಯ ಮೇಲೆ ನನಗೆ ಸಿಟ್ಟಿದೆ, ಶೆಟ್ಲಿ ತಿಂದು ಹೋದವರ ಮೇಲೆ ಸಿಟ್ಟಿದೆ. ಆದರೆ ಆ ಒಂದು ಸಾಲಿನ ಸಿಟ್ಟನ್ನು ಯಾರ ತಲೆಗೆ ಕಟ್ಟಲಿ?

ತಾಂಡೇಲ ಒಪ್ಪಲಿಲ್ಲ. ದೋಣಿಯ ನೆರಳಿನಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದವನು ನಾನು ಓದಿದ್ದನ್ನು ಪೂರ್ತಿ ಕೇಳಿ, ಕೈಯಲ್ಲಿದ್ದ ಸೂಜಿಯನ್ನು ಮರಳಿಗೆ ಚುಚ್ಚಿದ.

"ಇದು ಸುಳ್ಳಲ್ದಾ?"

"ಕಾಗದಕ್ಕೆ ಬೇಕು ಮಾವ."

"ಕಾಗದಕ್ಕೆ ಸುಳ್ಳು ಬೇಕಾ? ತಮಾಷಿಗೆ ಅಂತೆ ಬರ್ದಿದ್ದಿ. ತಮಾಷಿಗೆ ಯಾರಾದ್ರೂ ಪಾಲು ಹಾಕ್ತ್ರಾ? ನಾ ಸೈ ಹಾಕುದಿಲ್ಲ. ಅಂವಂಗೆ ಮೀನು ಬೇಕಾದ್ರೆ ನಾ ಸಾಯು ತನಕ ಕೊಡ್ತೆ."

"ನೀವು ಸತ್ತ ಮೇಲೆ?" ಎಂದು ಕೇಳಿದೆ. ಮನೆಯ ಹಿರಿಯನ ಹಾಗಿದ್ದವನಿಗೆ ಆಡಬಾರದ ಮಾತು. ಅವನು ನನ್ನ ಮುಖ ನೋಡದೆ ಸೂಜಿ ಕಿತ್ತುಕೊಂಡು ಮತ್ತೆ ಹೆಣೆಯತೊಡಗಿದ.

ಎರಡು ವಾರ ಹೀಗೇ ಹೋಯಿತು. ಅವ್ವಿ ಅಷ್ಟರಲ್ಲಿ ಗಂಜಿಯನ್ನೂ ವಾಂತಿ ಮಾಡುತ್ತಿದ್ದಳು. ತನ್ನ ಮಾತಿನಿಂದಲೇ ಅರ್ಜಿ ಬಿದ್ದುಹೋಯಿತು ಎಂದು ನಾನು ಅವಳಿಗೆ ಹೇಳಬಾರದಿತ್ತು, ಆದರೆ ಕಚೇರಿಯಿಂದ ಬಂದ ದಿನ ಸಿಟ್ಟಿನ ಭರದಲ್ಲಿ ಹೇಳಿಬಿಟ್ಟಿದ್ದೆ. ಅವಳು ಒಂದು ಮುಂಜಾನೆ ಯಾರಿಗೂ ಹೇಳದೆ ಗೋಡೆ, ತೆಂಗಿನಮರ ಹಿಡಿದುಕೊಂಡು ದಂಡೆಗೆ ನಡೆದಳಂತೆ. ತಾಂಡೇಲನ ಎದುರು ಮರಳಿನ ಮೇಲೆ ಕುಳಿತು, "ನನ್ ಮಗ ಉಪಯೋಗಕ್ಕೆ ಇಲ್ಲ ಅಂತೆ ಹೇಳೋ ತಮ್ಮಾ. ನಾನೇ ಹೇಳ್ತೆ, ನೀನೂ ಹೇಳು" ಎಂದಳಂತೆ. ಅವನು ಒಪ್ಪಿದ.

ಪಂಚನಾಮೆ ದಂಡೆಯ ಮೇಲೆಯೇ ಆಯಿತು, ಬೆಳಗಿನ ಬಲೆ ಎಳೆದಾದ ಮೇಲೆ. ಕಚೇರಿಯಿಂದ ಇಬ್ಬರು ಬಂದಿದ್ದರು. ನಾನು ರಜೆ ಹಾಕಿ ಹೋಗಿದ್ದೆ. ಪಾಲಿನ ರಾಶಿಗಳು ಬಿಸಿಲಿಗೆ ಬಿದ್ದಿದ್ದವು, ಅವತ್ತು ಇನ್ನೂ ಹೆಸರು ಕರೆದಿರಲಿಲ್ಲ. ಸಾಹೇಬರ ಎದುರು ಅದನ್ನು ಮಾಡುವುದು ಬೇಡ ಎಂದು ನಾನೇ ಹೇಳಿದ್ದೆ. ತಮ್ಮ ತನ್ನ ಜಾಗದಲ್ಲಿ, ಕಡಲಿಗೆ ಮುಖ ಮಾಡಿ, "ಇದು ಯಾರಿಗೆ" ಎಂಬ ಮಾತಿಗೆ ಕಾಯುತ್ತಾ ನಿಂತಿದ್ದ. ಅವನನ್ನು ಮನೆಗೆ ಕಳಿಸಬೇಕು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವನಿಗೆ ಏನು ತಿಳಿಯುತ್ತದೆ ಎಂದುಕೊಂಡೆವು. ಅವನನ್ನು ಅಷ್ಟು ಬಲ್ಲ ನಾವೇ ಹಾಗೆ ಅಂದುಕೊಂಡೆವು.

ಪಂಚನಾಮೆಯನ್ನು ಪಂಚರ ಎದುರು ಗಟ್ಟಿಯಾಗಿ ಓದಿ ಹೇಳಬೇಕು, ಅದು ನಿಯಮ. ಕಚೇರಿಯವರು ಓದಿದರು. ಅಲೆಯ ಸದ್ದಿಗೆ ಕೇಳಿಸುವುದಿಲ್ಲವೆಂದು ದನಿಯೆತ್ತಿ ಓದಿದರು. ಮೊದಲ ಸಾಲಿನಲ್ಲೇ ತಮ್ಮನ ಹೆಸರು ಇತ್ತು. ತನ್ನ ಹೆಸರು ಕೇಳಿದ್ದೇ ಅವನು ತಿರುಗಿದ. ಪಾಲು ಹಾಕುವ ಜಾಗದಲ್ಲಿ ನಿಂತು ಅವನು ಹಿಂದೆ ತಿರುಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾವ ಕೆಲಸಕ್ಕೂ ಅಸಮರ್ಥ ಎಂದು ಓದಿದರು. ತಮಾಷೆಗಾಗಿ ಎಂದು ಓದಿದರು. ಯಾವ ಉಪಯೋಗವೂ ಇಲ್ಲ ಎಂದು ಓದಿದರು. ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, "ಹೌದೇನಪ್ಪಾ?" ಎಂದು ಕೇಳಿದರು.

ಆ ಐದೂ ಹೆಸರುಗಳನ್ನು ಅವನು ವರ್ಷಗಟ್ಟಲೆ ಅದೇ ಜಾಗದಿಂದ ಕರೆದಿದ್ದ. ಒಬ್ಬೊಬ್ಬರೂ ಮುಂದೆ ಬಂದು ಹೌದು ಎಂದು ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಒಬ್ಬೊಬ್ಬರ ಹೆಸರು ಬಂದಾಗಲೂ ತಮ್ಮ ಆ ಮುಖವನ್ನು ಹುಡುಕಿ ನೋಡಿದ. ಕೊನೆಗೆ ತಾಂಡೇಲ. ಅವನು ಬರೀ ತಲೆಯಾಡಿಸಿ ಸಹಿ ಹಾಕಿ ಪೆನ್ನನ್ನು ವಾಪಸು ಕೊಟ್ಟ. ಕಚೇರಿಯವರು ಹಾಳೆಯನ್ನು ಬಿಸಿಲಿಗೆ ಹಿಡಿದು ಶಾಯಿ ಒಣಗಿಸಿದರು.

ಅವರ ಜೀಪು ಹೆದ್ದಾರಿ ಹತ್ತಿದ ಮೇಲೆ ತಾಂಡೇಲ ಕೋಲೆತ್ತಿಕೊಂಡು ಮೊದಲ ರಾಶಿಗೆ ಮುಟ್ಟಿಸಿದ. "ಇದು ಯಾರಿಗೆ?" ಎಂದ. ಇನ್ನೊಮ್ಮೆ, ಮೆತ್ತಗೆ, "ಇದು ಯಾರಿಗೆ ಮಗಾ?" ಎಂದ. ತಮ್ಮ ಆಗಲೇ ಮರಳು ಏರಿ ಮನೆಯ ದಾರಿ ಹಿಡಿದಿದ್ದ.

ಅವನು ಮತ್ತೆ ಬಲೆಗೆ ಹೋಗಲಿಲ್ಲ. ತಾಂಡೇಲ ಮೂರು ದಿನ ಮನೆಗೆ ಬಂದು ಕರೆದ. ಸುಳ್ಳು ಬರೆದದ್ದು ಮಾರಾಯಾ, ಸಾಹೇಬರಿಗೋಸ್ಕರ ಬರೆದದ್ದು ಎಂದು ಕೈಹಿಡಿದು ಹೇಳಿದ. ಸುಳ್ಳಿಗೆ ಸಹಿ ಹಾಕುವುದು ಎಂದರೆ ಏನು ಎಂದು ಅವನಿಗೆ ಹೇಗೆ ತಿಳಿಸುವುದು? ನನಗೇ ಸರಿಯಾಗಿ ತಿಳಿದಿರಲಿಲ್ಲ. ತಾಂಡೇಲ ಪಾಲನ್ನು ಮನೆಗೇ ಕಳಿಸತೊಡಗಿದ. ತಮ್ಮ ಆ ಮೀನು ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ಮೀನಿಲ್ಲದೆ ತುತ್ತು ಎತ್ತದವನು ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡು ತಿಂದ. "ತಿನ್ನೋ," ಎಂದು ಅವ್ವಿ ಕಣ್ಣೀರು ಹಾಕಿದರೆ, "ಹಗ್ಗ ಮುಟ್ಲಿಲ್ಲ," ಎನ್ನುತ್ತಿದ್ದ. ನಮ್ಮ ಕೇರಿಯ ಕಾನೂನು ನಮ್ಮೆಲ್ಲರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ದಂಡೆಯ ಮೇಲೆ ಪಾಲಿನ ಜಗಳ ಮತ್ತೆ ಶುರುವಾಯಿತು ಎಂದು ಕೇಳಿದೆ. ನನಗೆ ಅದರಿಂದ ಒಂದು ಕೆಟ್ಟ ತೃಪ್ತಿ ಆಯಿತು.

ಮಾಸಾಶನದ ಆದೇಶ ಬಂತು. ಎಷ್ಟು ಎಂದು ಹೇಳಿದರೆ ನೀವು ನಗುತ್ತೀರಿ. ಪಾಲಕತ್ವದ ಆದೇಶವೂ ಬಂತು, ನನ್ನ ಹೆಸರಿನಲ್ಲಿ, ಗುಂಡು ಮೊಹರಿನೊಂದಿಗೆ. ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವ್ವಿಗೆ ತೋರಿಸಿದೆ. ಓದಲು ಬಾರದವಳು ಮೊಹರಿನ ಮೇಲೆ ಬೆರಳಾಡಿಸಿ, "ಇಷ್ಟು ಸಾಕಲ್ದಾ?" ಎಂದು ಕೇಳಿದಳು. ಸಾಕು ಎಂದೆ. ಮಳೆಗಾಲ ಮುಗಿಯುವುದರೊಳಗೆ ಅವಳು ಹೋದಳು.

ತಮ್ಮ ಅಮದಳ್ಳಿಗೆ ಬಂದ. ಅತ್ತೆ ಮಾತಿಗೆ ತಪ್ಪಲಿಲ್ಲ, ಅವನಿಗೆಂದು ಬೇರೆ ಕೋಣೆ ಬಿಟ್ಟುಕೊಟ್ಟರು. ಆಸ್ಪತ್ರೆಗೆ ಸೇರಿಸುವಾಗ ನಾನು ಸಹಿ ಹಾಕಿದರೆ ನಡೆಯುತ್ತದೆ. ಫಿಟ್ಸ್ ಮಾತ್ರೆ ತಪ್ಪುವುದಿಲ್ಲ. ಆ ಕಾಗದಗಳಿಂದ ಏನೂ ಆಗಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅವನು ಹೊಟ್ಟೆ ತುಂಬ ಉಣ್ಣುತ್ತಾನೆ, ಶುಭ್ರವಾದ ಬಟ್ಟೆ ತೊಡುತ್ತಾನೆ, ಇಡೀ ದಿನ ಜಗಲಿಯಲ್ಲಿ ಕುಳಿತಿರುತ್ತಾನೆ. ನಾನು ತೆಂಗಿನ ಗರಿ ಎತ್ತಿಡು, ನೀರು ತಾ ಎಂದು ಏನಾದರೂ ಹೇಳಿದರೆ ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಶಾಲೆಯಲ್ಲಿ ಮಕ್ಕಳಿಗೆ ನಿನಗೆ ಬರುತ್ತದೆ, ಮಾಡು ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡು ಬರುವವಳು ನಾನು. ಮನೆಯಲ್ಲಿ ಆ ಮಾತು ನಡೆಯುವುದಿಲ್ಲ.

ಮಾಸಾಶನ ಪಡೆಯುವವರು ಬದುಕಿದ್ದಾರೋ, ಇನ್ನೂ ಅರ್ಹರೋ ಎಂದು ನೋಡಲು ಒಂದು ವರ್ಷ ಪರಿಶೀಲನೆಗೆ ಬಂದರು. ಹೊಸಬರು, ಚಿಕ್ಕ ಪ್ರಾಯದವರು, ಮಾತೂ ಮೆತ್ತಗೆ. ಚಾ ಬೇಡ ಎಂದರು. ಚೀಲ ತೆರೆದು ಪಟ್ಟಿ ತೆಗೆದು, ತಮ್ಮನ ಹೆಸರು ಹುಡುಕಿ, "ಇವರು ಈಗ ಏನಾದರೂ ಕೆಲಸ ಮಾಡುತ್ತಾರಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಕುರ್ಚಿಯಿಂದ ಎದ್ದು ನಿಂತ. ಹೊರಗಿನವರ ಎದುರು ಅವನು ತಾನಾಗಿ ಮಾತಾಡಿದ್ದನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ.

"ನಂಗೆ ಎಂತದೂ ಬರುದಿಲ್ಲ," ಎಂದ. "ಎಲ್ಲಾರೂ ಸೈ ಹಾಕಿದ್ರು."

ಬಂದವರು ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಹೌದಾ ಟೀಚರ್?"

ತಮ್ಮನೂ ನನ್ನ ಮುಖ ನೋಡುತ್ತಿದ್ದ. ನಾನು ಹೌದು ಎಂದೆ. ಅವರು ಬರೆದುಕೊಂಡರು.